ಮಾವನ ಹಲ್ಲಿನ ಸೆಟ್ಟು

ಮೂವತ್ತು ವರ್ಷ ಶಿವಮೊಗ್ಗದ ಪಿಯು ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡಿದೆ. ಪ್ರತಿ ವರ್ಷ ಹೊಸ ಮಕ್ಕಳು ಬಂದು ಕೂತ ಮೊದಲ ವಾರ ಲೈಬ್ರರಿಯ ದಪ್ಪ ನಿಘಂಟನ್ನು ಕ್ಲಾಸಿಗೆ ಹೊತ್ತು ತಂದು, ‘ಸೆಟ್’ ಎಂಬ ಪದದ ಪುಟಗಳನ್ನು ಬಿಡಿಸಿ ತೋರಿಸುವುದು ನನ್ನ ಚಾಳಿಯಾಗಿತ್ತು. ಇಂಗ್ಲಿಷಿನಲ್ಲಿ ಬರೆದರೆ ಮೂರೇ ಅಕ್ಷರ, ಅರ್ಥಗಳು ಮಾತ್ರ ಪುಟ ಮಗುಚಿದಷ್ಟೂ ಮುಗಿಯುವುದಿಲ್ಲ. ಮಕ್ಕಳ ಕಣ್ಣು ಅಗಲವಾಗುವುದನ್ನು ನೋಡಿ ನನಗೆ ಒಳಗೊಳಗೇ ಖುಷಿ. ಒಂದು ವರ್ಷ ಹೊಳೆಹೊನ್ನೂರಿನ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, ಇದರಲ್ಲಿ ಪಂಪ್‌ಸೆಟ್ ಎಲ್ಲಿದೆ ಎಂದು ಕೇಳಿದಳು. ಹುಡುಕಿದೆ, ಸಿಗಲಿಲ್ಲ. ಹಾಗಾದರೆ ಈ ಪುಸ್ತಕ ಪೂರ್ತಿ ಅಲ್ಲ ಬಿಡಿ ಮಿಸ್ ಎಂದು ಕೂತುಬಿಟ್ಟಳು. ನನಗೆ ಮೂಗಿನ ತುದಿಯಲ್ಲೇ ಕೋಪ. ಅವಳನ್ನು ಪೀರಿಯಡ್ ಮುಗಿಯುವವರೆಗೂ ನಿಲ್ಲಿಸಿದೆ. ಈಗ ಯೋಚಿಸಿದರೆ ಅವಳು ಹೇಳಿದ್ದೇ ಸರಿ. ಆ ಪದದ ಮುಕ್ಕಾಲು ಪಾಲು ಅರ್ಥಗಳನ್ನು ನಾನು ಕಲಿತದ್ದು ನಿಘಂಟಿನಿಂದಲ್ಲ, ಭದ್ರಾವತಿಯಲ್ಲಿ, ನನ್ನ ಅತ್ತೆಯ ಮನೆಯಲ್ಲಿ.

ಮದುವೆಯಾಗಿ ನಾನು ಹೋದದ್ದು ನ್ಯೂ ಟೌನಿನ ಕ್ವಾರ್ಟರ್ಸಿಗೆ. ಮಾವ ಉಕ್ಕಿನ ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಆ ಮನೆಯಲ್ಲಿ ದಿನಕ್ಕೆ ಹತ್ತು ಸಲವಾದರೂ ಸೆಟ್ ಎಂಬುದು ಕಿವಿಗೆ ಬೀಳುತ್ತಿತ್ತು. ಅತ್ತೆಗೆ ಬೆಳಗಾಗುವುದರೊಳಗೆ ಮೊಸರು ಸೆಟ್ ಆಗಬೇಕು, ಆಗದಿದ್ದರೆ ಹಾಲಿನವನಿಗೆ ಮಂಗಳಾರತಿ. ಭಾನುವಾರ ಹೋಟೆಲಿನಿಂದ ಎರಡು ಸೆಟ್ ದೋಸೆ ಕಟ್ಟಿಸಿಕೊಂಡು ಬರಬೇಕು. ಕಾಗದನಗರದಿಂದ ಸೈಕಲ್ ತುಳಿದುಕೊಂಡು ಇಸ್ಪೀಟಿಗೆ ಬರುತ್ತಿದ್ದ ಮಾವನ ಗೆಳೆಯರನ್ನು ಅತ್ತೆ ‘ಇವರ ಸೆಟ್ಟು’ ಎಂದೇ ಕರೆಯುತ್ತಿದ್ದರು. ಆ ಸೆಟ್ಟಿನವರು ಕೈಯಲ್ಲಿ ಎಲೆಗಳ ಸೆಟ್ಟು ಜೋಡಿಸುತ್ತ ಕೂತರೆ ಊಟದ ಹೊತ್ತು ಮೀರುತ್ತಿತ್ತು. ಹೊಸ ಸೊಸೆ ಮನೆಗೆ ಸೆಟ್ ಆದಳೇ ಎಂದು ಪಕ್ಕದ ಕ್ವಾರ್ಟರ್ಸಿನ ತಮಿಳು ಅಮ್ಮ ನನ್ನೆದುರೇ ಅತ್ತೆಯನ್ನು ವಿಚಾರಿಸಿದ್ದೂ ಉಂಟು.

ಮಾವನ ಬಾಯಲ್ಲಿ ಮಾತ್ರ ಅದಕ್ಕೆ ಬೇರೆಯೇ ತೂಕ. ಮೆಷಿನ್ನಿನಲ್ಲಿ ಕಬ್ಬಿಣದ ತುಂಡನ್ನು ಕೂದಲೆಳೆಯಷ್ಟೂ ಓಲದಂತೆ ಕೂರಿಸುವುದೇ ಅವರಿಗೆ ಸೆಟ್ ಮಾಡುವುದು. ಅದಕ್ಕಾಗಿ ಅರ್ಧ ದಿನ ಹೋದರೂ ಹೋಗಲಿ, ಸೆಟ್ ಆಗದೆ ಮೆಷಿನ್ ಚಾಲೂ ಮಾಡಿದವನು ಅವರ ಲೆಕ್ಕದಲ್ಲಿ ಕೆಲಸಗಾರನೇ ಅಲ್ಲ. ಹಾಗಾಗಿ ಆ ಪದವನ್ನು ಅವರು ಸುಮ್ಮಸುಮ್ಮನೆ ಬಳಸುತ್ತಿರಲಿಲ್ಲ. ಮನೆಯ ಬಾಗಿಲು ಕಿರುಗುಟ್ಟಿದರೆ, ಮಿಕ್ಸಿ ನಡುಗಿದರೆ, ಕಿವಿಗೊಟ್ಟು ಕೇಳಿ, ತಲೆಯಾಡಿಸಿ, ಸೆಟ್ಟಾಗಿಲ್ಲ ಎಂದು ಎದ್ದು ಹೋಗಿ ಮಂಚದ ಕೆಳಗಿನ ಟೂಲ್ ಪೆಟ್ಟಿಗೆ ಎಳೆಯುತ್ತಿದ್ದರು. ರಿಪೇರಿಯವನನ್ನು ಮನೆಗೆ ಕರೆಸುವುದೆಂದರೆ ಅವರಿಗೆ ಅವಮಾನ. ಅತ್ತೆ ತೀರಿಕೊಂಡ ಮೇಲೆ ಅವರು ಶಿವಮೊಗ್ಗಕ್ಕೆ ನಮ್ಮ ಜೊತೆಗೆ ಬಂದಾಗಲೂ ಬಟ್ಟೆಯ ಚೀಲಕ್ಕಿಂತ ಮೊದಲು ಆಟೋದಿಂದ ಇಳಿದದ್ದು ಆ ಪೆಟ್ಟಿಗೆಯೇ.

ಈಗ ಅವರಿಗೆ ಎಂಬತ್ತಮೂರು. ಹೋದ ವರ್ಷದ ಹೊತ್ತಿಗೆ ಬಾಯಲ್ಲಿ ಉಳಿದಿದ್ದದ್ದು ಐದು ಹಲ್ಲು, ಐದೂ ಅಲುಗಾಡುತ್ತಿದ್ದವು. ಅವನ್ನು ತೆಗೆಸಿ ಪೂರ್ತಿ ಸೆಟ್ ಕಟ್ಟಿಸೋಣ ಎಂದು ಮೂರು ತಿಂಗಳು ಅವರ ತಲೆ ತಿಂದವಳು ನಾನೇ. ಅವರು ಬೇಡವೆಂದರು. ಈ ಐದರಲ್ಲೇ ಅಡಿಕೆ ಅಗಿಯುತ್ತಿದ್ದೇನೆ, ನನ್ನನ್ನು ನನ್ನ ಪಾಡಿಗೆ ಬಿಡು ಎಂದರು. ನಾನು ಬಿಡುವ ಪೈಕಿಯಲ್ಲ. ಮಗಳಿಗೆ ಗಂಡು ನೋಡುತ್ತಿದ್ದ ಕಾಲ, ಮನೆಗೆ ನಾಲ್ಕು ಜನ ಬರುವಾಗ ಮಾವ ಲಕ್ಷಣವಾಗಿ ಕಾಣಲಿ ಎಂದು ನನ್ನ ಆಸೆ. ಕೊನೆಗೆ ಅವರು ಸೋತು ಬಂದರು. ದಂತವೈದ್ಯರು ಮೆತ್ತಗಿನ ಮನುಷ್ಯರು. ಸೆಟ್ ಹಾಕಿ ಕನ್ನಡಿ ತೋರಿಸಿ, ಬಾಯಿಗೆ ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕಾಗುತ್ತದೆ, ಎಲ್ಲಾದರೂ ಒತ್ತಿದರೆ ಬನ್ನಿ, ಸರಿಮಾಡಿ ಕೊಡುತ್ತೇನೆ ಎಂದು ಮತ್ತೆ ಮತ್ತೆ ಹೇಳಿ ಕಳಿಸಿದರು. ಮಾವ ಕನ್ನಡಿಯಲ್ಲಿ ನೋಡಿಕೊಂಡು ಯಾರಿದು ಎಂದು ಕೇಳಿದರು. ನಾನೂ ಡಾಕ್ಟರೂ ನಕ್ಕೆವು.

ಮನೆಗೆ ಬಂದ ಮೇಲೆ ನಗುವಂಥದ್ದೇನೂ ಆಗಲಿಲ್ಲ. ಅನ್ನ ಸಾರು ನುಂಗುತ್ತಿದ್ದರು, ಚಪಾತಿ ಮುಟ್ಟುತ್ತಿರಲಿಲ್ಲ. ಹೇಗಿದೆ ಮಾವ ಎಂದರೆ ಚೆನ್ನಾಗಿದೆ ಎನ್ನುತ್ತಿದ್ದರು. ಡಾಕ್ಟರ ಹತ್ತಿರ ಇನ್ನೊಂದು ಸಲ ಹೋಗಿಬರೋಣ ಎಂದರೂ ಅದೇ ಉತ್ತರ, ಚೆನ್ನಾಗಿದೆ. ನಾನು ಅದನ್ನೇ ನಂಬಿಕೊಂಡೆ, ನಂಬುವುದು ನನಗೆ ಅನುಕೂಲವಾಗಿತ್ತು. ಎಷ್ಟೆಂದರೂ ಆ ಸೆಟ್ಟು ನನ್ನ ಹಟದ ಫಲ.

ಅಷ್ಟರಲ್ಲಿ ಮಗಳ ಸಂಬಂಧ ಕುದುರಿತು. ಹುಡುಗ ಭದ್ರಾವತಿಯವನು, ಇಬ್ಬರೂ ಶಿವಮೊಗ್ಗದಲ್ಲೇ ಕೆಲಸದಲ್ಲಿರುವವರು, ಪರಸ್ಪರ ಒಪ್ಪಿದ್ದರು. ಒಂದು ಭಾನುವಾರ ನಮ್ಮ ಮನೆಯಲ್ಲೇ ವೀಳ್ಯದ ಶಾಸ್ತ್ರ ಎಂದು ನಿಶ್ಚಯವಾಯಿತು. ನಮ್ಮ ಕಡೆ ಒಂದು ಪದ್ಧತಿ ಇದೆ. ಎರಡೂ ಮನೆಯ ಹಿರಿಯರು ಎದುರುಬದುರು ಕೂತು ಒಬ್ಬರಿಗೊಬ್ಬರು ವೀಳ್ಯ ಕೊಡಬೇಕು. ಅದನ್ನು ಎಲ್ಲರೆದುರು ಅಲ್ಲೇ ಬಾಯಿಗಿಟ್ಟು ಅಗಿದು, ಆಮೇಲೆ ‘ಒಪ್ಪಿದೆ’ ಎನ್ನಬೇಕು. ಅಡಿಕೆ ಪುಡಿ ಮಾಡಿದ್ದಲ್ಲ, ಗಟ್ಟಿ ಹೋಳು. ಅಗಿಯದೆ ಆಡಿದ ಒಪ್ಪಿಗೆ ಒಪ್ಪಿಗೆಯಲ್ಲ. ಹಿರಿಯರಿಗೆ ಅಗಿಯಲು ಆಗದಿದ್ದರೆ ಎದ್ದು ಪಕ್ಕಕ್ಕೆ ನಿಲ್ಲಬೇಕು, ಅವರ ಜಾಗದಲ್ಲಿ ಮಗ ಕೂರುತ್ತಾನೆ. ಮಾವನ ಅಪ್ಪ ಹಾಗೆ ಎದ್ದು ಹೋಗಿ, ಮೊಮ್ಮಗಳ ಶಾಸ್ತ್ರವನ್ನು ಹೊರಗಿನವರಂತೆ ಗೋಡೆಗೊರಗಿ ನೋಡಿದ್ದರಂತೆ. ಅವತ್ತಿನಿಂದ ಅವರು ಮನೆಯ ಯಾವ ಮಾತಿಗೂ ಬಾಯಿ ಹಾಕಲಿಲ್ಲವಂತೆ. ಇದನ್ನು ಮಾವ ನನಗೆ ಹೇಳಿದ್ದು ಎಷ್ಟೋ ವರ್ಷದ ಹಿಂದೆ. 

ಶಾಸ್ತ್ರಕ್ಕೆ ವಾರವಿರುವಾಗ ಒಂದು ಮಧ್ಯಾಹ್ನ ಅವರು ಹಿತ್ತಲ ಕಟ್ಟೆಯ ಮೇಲೆ ಕೂತು ಅಡಿಕೆ ಹೋಳನ್ನು ಬಾಯಿಗೆ ಹಾಕಿಕೊಳ್ಳುವುದು, ಮುಖ ಹಿಂಡಿ ಅಂಗೈಗೆ ತೆಗೆಯುವುದು, ಮತ್ತೆ ಹಾಕಿಕೊಳ್ಳುವುದು ನನ್ನ ಕಣ್ಣಿಗೆ ಬಿತ್ತು. ಎಡಗಡೆಯ ವಸಡು ಕೆಂಪಗೆ ಹಣ್ಣಾಗಿತ್ತು. ಐದು ಹಲ್ಲಿನಲ್ಲಿ ಅಗಿಯುತ್ತಿದ್ದವರಿಗೆ ಬಾಯಿ ತುಂಬ ಹಲ್ಲು ಕೊಡಿಸಿ ಅಗಿಯದಂತೆ ಮಾಡಿದ್ದೆ. ಕುಟ್ಟಾಣಿಯಲ್ಲಿ ಕುಟ್ಟಿ ಕೊಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ನನಗೆ ಗೊತ್ತಾಗುತ್ತಲ್ಲ ಎಂದರು. ಡಾಕ್ಟರ ಬಳಿ ಹೊರಡಿ ಎಂದರೆ ಇವತ್ತು ಬೇಡ, ನಾಳೆ ಎಂದರು. ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ, ಅಪ್ಪ, ಕಷ್ಟವಾದರೆ ನಾನೇ ಕೂರುತ್ತೇನೆ ಬಿಡಿ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮಾವ ತಟ್ಟೆಯನ್ನು ಸರಿಸಿ ಎದ್ದು ಕೈ ತೊಳೆದುಕೊಂಡರು. ನಾಳೆ ನಾಳೆ ಎನ್ನುತ್ತಲೇ ಶನಿವಾರ ಕಳೆಯಿತು.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಾನು ರೇಷ್ಮೆ ಸೀರೆ ಉಟ್ಟು, ಅಡುಗೆಯವರಿಗೆ ಕಾಯಿ ತೆಗೆದುಕೊಡಲು ಹಿತ್ತಲ ಕಡೆಯ ಕೋಣೆಗೆ ಹೋದೆ. ಹನ್ನೊಂದಕ್ಕೆ ಗಂಡಿನ ಕಡೆಯವರು ಬರುವುದಿತ್ತು. ಮಾವ ಹಳೆಯ ಹೊಲಿಗೆ ಮೆಷಿನ್ನಿನ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಕೂತಿದ್ದರು. ಮೂಗಿನ ಮೇಲೆ ಕನ್ನಡಕ, ಒಂದು ಕೈಯಲ್ಲಿ ಕೆಳಗಿನ ದವಡೆಯ ಸೆಟ್ಟು, ಇನ್ನೊಂದರಲ್ಲಿ ಕಡ್ಡಿಯಷ್ಟು ಸಣ್ಣ ಅರ. ಬಟ್ಟೆಯ ಮೇಲೆ ಗುಲಾಬಿ ಬಣ್ಣದ ಪುಡಿ ಉದುರಿತ್ತು. ತಲೆಯೆತ್ತಿ ನನ್ನನ್ನು ನೋಡಿ ಪೆಚ್ಚಾಗಿ ನಕ್ಕರು. ತುಟಿ, ವಸಡು, ನಾಲಿಗೆ ಎಲ್ಲವೂ ನೀಲಿ. ಅಂಥಿಂಥ ನೀಲಿಯಲ್ಲ, ಶಾಯಿ ಕುಡಿದವರ ಹಾಗೆ.

ಕಾಯಿ ಅಲ್ಲೇ ಉಳಿಯಿತು. ಏನು ಹೇಳಿದೆನೆಂದು ಪೂರ್ತಿ ನೆನಪಿಲ್ಲ, ಕಾಲೇಜಿನಲ್ಲಿ ಕಾಪಿ ಹೊಡೆದವರಿಗೆ ಬಯ್ಯುವ ಧ್ವನಿ ಬಂದಿತೆಂಬುದಷ್ಟು ನೆನಪಿದೆ. ಬೀಗರು ಬರುವ ದಿನ ಇದೇನು ಅವಾಂತರ, ಹಲ್ಲನ್ನು ಯಾರಾದರೂ ಅರದಲ್ಲಿ ಉಜ್ಜುತ್ತಾರೆಯೇ, ಡಾಕ್ಟರು ಇರುವುದು ಯಾತಕ್ಕೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ವಿವರಿಸಿದರು. ಮೆಷಿನ್ ಶಾಪಿನಲ್ಲಿ ಎರಡು ಭಾಗ ಒಂದಕ್ಕೊಂದು ಕೂರದಿದ್ದರೆ ಒಂದಕ್ಕೆ ತೆಳ್ಳಗೆ ನೀಲಿ ಬಳಿದು ಇನ್ನೊಂದರ ಮೇಲೆ ಒತ್ತುತ್ತಾರೆ. ಎಲ್ಲಿ ಉಬ್ಬಿದೆಯೋ ಅಲ್ಲಷ್ಟೇ ನೀಲಿ ಹತ್ತುತ್ತದೆ. ಆ ಚುಕ್ಕೆಯನ್ನು ಉಜ್ಜಿ, ಮತ್ತೆ ಬಳಿದು, ಮತ್ತೆ ಒತ್ತಿ ನೋಡಬೇಕು. ಕಾರ್ಖಾನೆಯ ನೀಲಿಯನ್ನು ಬಾಯಿಗೆ ಹಾಕಲು ನನಗೇನು ತಲೆ ಕೆಟ್ಟಿದೆಯೇ, ಮೊಮ್ಮಗಳು ಕೇಕಿಗೆ ಹಾಕುವ ಬಣ್ಣದ ಶೀಶೆ ಅಡುಗೆಮನೆಯಲ್ಲಿತ್ತು, ಅದನ್ನೇ ತಂದುಕೊಂಡೆ, ಅರವನ್ನೂ ಕುದಿಯುವ ನೀರಿನಲ್ಲಿ ಅದ್ದಿದ್ದೇನೆ ಎಂದರು. ತಪ್ಪಾಗಿದ್ದು ಅಲ್ಲೇ. ಕಾರ್ಖಾನೆಯ ನೀಲಿಯನ್ನು ಒರೆಸಿದರೆ ಹೋಗುತ್ತದಂತೆ. ಕೇಕಿನ ಬಣ್ಣ ಎರಡು ದಿನ ಹೋಗುವುದಿಲ್ಲವೆಂದು ಫಿಟ್ಟರಿಗೆ ಹೇಗೆ ತಿಳಿಯಬೇಕು.

ಇಷ್ಟು ದಿನ ಡಾಕ್ಟರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಇನ್ನೊಬ್ಬ ಕೆಲಸಗಾರನ ಕೆಲಸದ ಮೇಲೆ ದೂರು ಹೇಳೋ ಮುಂಚೆ, ತಪ್ಪು ಎಲ್ಲಿದೆ ಅಂತ ನನಗೆ ಗೊತ್ತಿರ್ಬೇಕಲ್ಲಮ್ಮ. ಸುಮ್ನೆ ಒತ್ತುತ್ತೆ ಅಂದ್ರೆ ಆ ಮನುಷ್ಯ ಏನು ಮಾಡ್ತಾನೆ?”

ಒತ್ತುತ್ತದೆ ಎಂದು ಹೇಳಿದ್ದರೇ ಸಾಕಿತ್ತು, ಆ ಮನುಷ್ಯ ಅದನ್ನೇ ಕೇಳಿಕೊಂಡಿದ್ದರು. ಆದರೆ ಅದನ್ನು ಮಾವನಿಗೆ ಹೇಳಿ ಪ್ರಯೋಜನವಿರಲಿಲ್ಲ. ಅವರ ಕೈ ನಡುಗುತ್ತಿರಲಿಲ್ಲ, ಕಣ್ಣಲ್ಲಿ ಮಾತ್ರ ನೀರು ಸುರಿಯುತ್ತಿತ್ತು. ಬೆಳಿಗ್ಗೆ ಐದೂವರೆಯಿಂದ ಕೂತಿದ್ದಾರೆ, ಎರಡು ಚುಕ್ಕೆ ಉಜ್ಜಿದ್ದಾರೆ, ಮೂರನೆಯದು ಸಾಸಿವೆ ಕಾಳಿನಷ್ಟು, ಅದು ಅವರ ಕಣ್ಣಿಗೆ ನಿಲುಕುತ್ತಿಲ್ಲ. ಅಂದಾಜಿನಲ್ಲಿ ಉಜ್ಜಿದರೆ ಸೆಟ್ಟು ಕೆಡುತ್ತದೆ.

“ಬೈಯೋದು ಆಮೇಲೆ ಬೈಯಿ ಮಾರಾಯ್ತಿ. ಈಗ ನಿನ್ನ ಕಣ್ಣು ಬೇಕು.”

ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಸ್ಟೂಲ್ ಎಳೆದು ಕೂತೆ. ಮೊಬೈಲಿನ ಟಾರ್ಚ್ ಹಿಡಿದೆ. ಮಾವ ಸೆಟ್ಟನ್ನು ಒರೆಸಿ, ಮೇಲಿನದಕ್ಕೆ ಬಣ್ಣ ಬಳಿದು, ಬಾಯಿಗಿಟ್ಟು ಕಚ್ಚಿ, ತೆಗೆದು ನನ್ನ ಕೈಗೆ ಕೊಟ್ಟರು. ಮೂವತ್ತು ವರ್ಷ ಉತ್ತರಪತ್ರಿಕೆಗಳಲ್ಲಿ ಅಲ್ಪವಿರಾಮ ಹುಡುಕಿದ ಕಣ್ಣು. ಹಿಂದಿನಿಂದ ಎರಡನೇ ಹಲ್ಲಿನ ಒಳಮೂಲೆಯಲ್ಲಿ ಆ ಚುಕ್ಕೆ ಕಂಡಿತು. ಗುಂಡುಸೂಜಿಯ ತುದಿಯಿಂದ ತೋರಿಸಿದೆ, ಅವರು ಎರಡೇ ಎರಡು ಸಲ ಅರ ಆಡಿಸಿದರು. ಮತ್ತೆ ಬಳಿದು, ಕಚ್ಚಿ, ನೋಡಿದೆವು. ಹೊರಗಿನಿಂದ ಗಂಡ ಕೂಗುತ್ತಿದ್ದ, ಅಡುಗೆಯವರು ಕಾಯಿ ಕೇಳುತ್ತಿದ್ದರು, ಯಾರಿಗೂ ಉತ್ತರ ಕೊಡಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಅಲ್ಲಿಂದ ಏಳಲು ಮನಸ್ಸೇ ಇರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ನಾವಿಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದು. ನಾಲ್ಕನೇ ಸಲಕ್ಕೆ ಎಡಗಡೆಯೂ ಬಲಗಡೆಯೂ ಒಂದೇ ಹದದಲ್ಲಿ ಗುರುತು ಬಿತ್ತು. ಮಾವ ಅಡಿಕೆ ಹೋಳೊಂದನ್ನು ದವಡೆಗಿಟ್ಟು ಕಚ್ಚಿದರು. ಕಟಕ್ ಎಂದು ಒಡೆಯಿತು. ಅವರು ಕಣ್ಣು ಮುಚ್ಚಿ ಅಗಿಯುತ್ತ ಸೆಟ್ಟಾಯ್ತು ಎಂದರು. ಬಾಯಿ ಮಾತ್ರ ಎಷ್ಟು ತಿಕ್ಕಿದರೂ ನೀಲಿಯಾಗಿಯೇ ಉಳಿಯಿತು. ಬಾಯಿ ಜಾಸ್ತಿ ಬಿಡಬೇಡಿ ಎಂದು ಹೇಳಿ ಹೊರಗೆ ಬಂದೆ.

ಗಂಡಿನ ಕಡೆಯವರು ಹೇಳಿದ ಹೊತ್ತಿಗೆ ಬಂದರು. ಹುಡುಗನ ತಾತ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಟೈಮ್ ಆಫೀಸಿನಲ್ಲಿ ಕೆಲಸಗಾರರ ಹಾಜರಿ ಹಾಕುತ್ತಿದ್ದವರು, ಎಂಬತ್ತರ ಆಸುಪಾಸು, ಮಾತು ಕಡಿಮೆ. ಚಾಪೆಯ ಮೇಲೆ ಇಬ್ಬರು ಹಿರಿಯರೂ ಎದುರುಬದುರು ಕೂತರು. ವೀಳ್ಯ ಕೈ ಬದಲಾಯಿತು. ಮಾವ ಬಾಯಿಗಿಟ್ಟು ಅಗಿದರು. ಸುಣ್ಣ ಎಲೆ ಅಡಿಕೆಯ ಕೆಂಪು ಆ ನೀಲಿಯ ಜೊತೆ ಸೇರಿ, ಬುಟ್ಟಿಗಟ್ಟಲೆ ನೇರಳೆ ಹಣ್ಣು ತಿಂದವರ ಬಾಯಂತಾಯಿತು. ಹುಡುಗನ ಅತ್ತೆಯೊಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಮಾವ ಅದ್ಯಾವುದನ್ನೂ ಗಮನಿಸದೆ, ಅಗಿದು ಮುಗಿಸಿ, ಕೋಣೆಗೆಲ್ಲ ಕೇಳುವಂತೆ ‘ಒಪ್ಪಿದೆ’ ಎಂದರು. ಒಂದಕ್ಷರವೂ ತೊದಲಲಿಲ್ಲ.

ಆದರೆ ಎದುರಿನ ತಾತ ಒಪ್ಪಿದೆ ಎನ್ನಲಿಲ್ಲ. ವೀಳ್ಯವನ್ನು ಕೆನ್ನೆಯೊಳಗಿಟ್ಟುಕೊಂಡು ಮಾವನ ಬಾಯನ್ನೇ ನೋಡುತ್ತಿದ್ದರು. ನಿಮಿಷ ಕಳೆಯಿತು. ಮಗಳು ನನ್ನ ಮುಖ ನೋಡಿದಳು, ಅವಳ ಕಣ್ಣಲ್ಲಿ ಹೆದರಿಕೆ ಇತ್ತು. ಈ ನೀಲಿ ಬಾಯಿ ನೋಡಿ ಇದೆಂಥ ಮನೆ ಎಂದುಕೊಂಡರೇನೋ, ಕೈಗೆ ಬಂದದ್ದು ನನ್ನ ಹಟದಿಂದ ತಪ್ಪಿತೇನೋ ಎಂದು ನನಗೆ ಅನ್ನಿಸಿತು. ಆ ತಾತ ವೀಳ್ಯವನ್ನು ಮೆಲ್ಲಗೆ ಅಂಗೈಗೆ ತೆಗೆದುಕೊಂಡರು. ಆಮೇಲೆ ಮುಂದಕ್ಕೆ ಬಾಗಿ, ಅದು ಫಿಟ್ಟರುಗಳು ಹಾಕುವ ಬ್ಲೂ ಅಲ್ಲವೇ ಎಂದು ಕೇಳಿದರು. ಮಾವ ಮುಚ್ಚಿಡಲಿಲ್ಲ. ಬೆಳಗಿನಿಂದ ನಡೆದದ್ದನ್ನೆಲ್ಲ, ಕೇಕಿನ ಬಣ್ಣವೂ ಸೇರಿದಂತೆ, ತುಂಬಿದ ಕೋಣೆಯಲ್ಲಿ ಹೇಳಿಬಿಟ್ಟರು. ಯಾರೋ ಕಿಸಕ್ಕೆಂದರು. ಆ ತಾತ ನಗಲಿಲ್ಲ.

“ನಾನು ಸೆಟ್ಟು ಕಟ್ಟಿಸಿ ಮೂರು ವರ್ಷ ಆಯ್ತು ಬೀಗರೇ. ಎರಡು ಮೊಮ್ಮಕ್ಕಳ ಶಾಸ್ತ್ರದಲ್ಲಿ ಅಡಿಕೆ ಕೆನ್ನೇಲಿ ಇಟ್ಕೊಂಡು, ಅಗಿದ ಹಾಗೆ ಮಾಡಿ ಒಪ್ಪಿದೆ ಅಂದಿದ್ದೀನಿ. ಇದು ಕೊನೇ ಮೊಮ್ಮಗ. ಇವನ ವಿಷಯದಲ್ಲೂ ಸುಳ್ಳಾಡೋಕೆ ಮನಸ್ಸು ಬರ್ತಾ ಇಲ್ಲ.”

ಹಾಗೆಂದವರೇ ಜೇಬಿನಿಂದ ಕರ್ಚೀಫ್ ತೆಗೆದು ಬಾಯಿಗೆ ಅಡ್ಡ ಹಿಡಿದು, ತಮ್ಮ ಸೆಟ್ಟನ್ನು ಅದರಲ್ಲಿ ಸುತ್ತಿ ಮಾವನ ಮುಂದೆ ಚಾಚಿದರು. ಅವರ ಮಗ ಅಪ್ಪ ಎಂದು ತಡೆಯಲು ಹೋದವನು ಅರ್ಧಕ್ಕೇ ನಿಂತ. ಮಾವ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದು ತಿರುಗಿಸಿ ನೋಡಿದರು. ಹೆಚ್ಚೇನಿಲ್ಲ, ಒಂದು ಗಂಟೆಯ ಕೆಲಸ ಎಂದರು. ಎದ್ದು ನಿಂತು, ಹೆಂಗಸರ ಸಾಲಿನಲ್ಲಿದ್ದ ನನ್ನ ಕಡೆ ತಿರುಗಿದರು.

“ಬಾರಮ್ಮ. ನಂದು ಬರೀ ಕೈ ಬೀಗರೇ, ಕಣ್ಣು ನನ್ನ ಸೊಸೇದು. ಅವಳಿಲ್ದೆ ಇದ್ದಿದ್ರೆ ನಾನು ಇವತ್ತು ಇಲ್ಲಿ ಕೂರ್ತಾ ಇರ್ಲಿಲ್ಲ.”

ಅಷ್ಟು ಜನರ ನಡುವೆ ನನಗೆ ಅಳು ಬಂತು. ಮರೆಮಾಡಲೂ ಹೋಗಲಿಲ್ಲ. ಅವರನ್ನು ಆ ಜಾಗದಿಂದ ಎಬ್ಬಿಸುವ ಹಾಗೆ ಮಾಡಿದ್ದವಳೂ ನಾನೇ ಅಲ್ಲವೇ, ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ.

ಹಿತ್ತಲ ಕೋಣೆಯಲ್ಲಿ ಈಗ ಮೂವರು ಕೂತೆವು. ಒಬ್ಬರ ಬಾಯಿ ನೀಲಿ, ಇನ್ನೊಬ್ಬರದು ಸದ್ಯಕ್ಕೆ ಬರಿದು. ನಾನು ಟಾರ್ಚ್ ಹಿಡಿದೆ. ಹೊರಗೆ ನೆಂಟರಿಗೆ ಎರಡನೇ ಸಲ ಕಾಫಿ ಹೋಯಿತು, ಹುಡುಗ ಹುಡುಗಿ ಇಬ್ಬರೂ ಮೆಟ್ಟಿಲ ಮೇಲೆ ಕೂತು ಹರಟೆ ಹೊಡೆದರು, ಹುಡುಗನ ತಾಯಿ ಬಾಗಿಲಿಗೆ ಬಂದು ಇಣುಕಿ ಬಾಯಿಗೆ ಸೆರಗು ಒತ್ತಿ ನಗುತ್ತ ಹೋದರು. ಐದು ಚುಕ್ಕೆ ಸಿಕ್ಕವು. ಒಂದೊಂದನ್ನೂ ಉಜ್ಜಿ ಮುಗಿಸುವಾಗ ಗಂಟೆಯ ಜೊತೆಗೆ ಇನ್ನೂ ಕಾಲು ಗಂಟೆ ಆಗಿತ್ತು.

ಮತ್ತೆ ಚಾಪೆಯ ಮೇಲೆ ಕೂತರು. ಮಾವ ಹೊಸ ವೀಳ್ಯ ಮಡಿಸಿ ಕೊಟ್ಟರು. ಆ ತಾತ ಬಾಯಿಗಿಟ್ಟು ಮೊದಲು ಹೆದರುತ್ತ ಕಚ್ಚಿದರು, ನೋವಿಗೆ ಕಾದವರಂತೆ ಒಂದು ಕ್ಷಣ ನಿಂತರು. ಆಮೇಲೆ ಗಟ್ಟಿಯಾಗಿ ಕಚ್ಚಿದರು. ಅಡಿಕೆ ಒಡೆಯಿತು. ಅವರು ಮಾವನ ಮುಖ ನೋಡಿದರು, ಅಗಿಯತೊಡಗಿದರು. ನಾವೆಲ್ಲ ಅವರ ಒಂದು ಮಾತಿಗೆ ಕಾಯುತ್ತಿದ್ದೆವು, ಅವರಿಗೆ ಯಾವ ಅವಸರವೂ ಇರಲಿಲ್ಲ. ಮೂರು ವರ್ಷದ ಮೇಲೆ ಅಡಿಕೆಯ ರಸ ಗಂಟಲಿಗೆ ಇಳಿಯುತ್ತಿತ್ತು. ಎಡಗಡೆ ಅಗಿದರು, ಬಲಗಡೆ ಅಗಿದರು, ಕಣ್ಣಂಚು ಒದ್ದೆಯಾಯಿತು. ಅನ್ನ ಆರಿ ಹೋಗುತ್ತದೆ ಎಂದು ಹೇಳಲು ಬಂದ ಅಡುಗೆಯವರೂ ಬಾಗಿಲಲ್ಲೇ ನಿಂತರು. ಮಾವ ಬೀಗರ ಮಂಡಿಯ ಮೇಲೆ ಕೈಯಿಟ್ಟು, ನಿಧಾನವಾಗಲಿ ಎಂದರು. ಪೂರ್ತಿ ಅಗಿದು, ಪೂರ್ತಿ ನುಂಗಿ, ತುಟಿ ಒರೆಸಿಕೊಂಡ ಮೇಲೆಯೇ ಆ ತಾತ ನನ್ನ ಮಗಳ ಕಡೆ ತಿರುಗಿ ‘ಒಪ್ಪಿದೆ’ ಎಂದರು.